ಸಲ್ಲದ ನೋಟಿನ ಸೊಬಗು

‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಆದರೆ ಆ ದೊಡ್ಡಪ್ಪನ ಮುಖವನ್ನು ಒಂದು ಕ್ಷಣ ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಚಿಕ್ಕಬಳ್ಳಾಪುರದಲ್ಲಿ ನಾನು ಪಾಠ ಹೇಳುವ ತರಗತಿಯಲ್ಲಿ ಒಮ್ಮೆ ಈ ಪ್ರಶ್ನೆಯನ್ನು ಕೇಳಿದೆ. ಹತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಇರುವ ಚಿತ್ರ ಯಾವುದು? ಅರವತ್ತು ಮಂದಿ ವಿದ್ಯಾರ್ಥಿಗಳಲ್ಲಿ ಕೆಲವರು ಗಾಂಧೀಜಿ ಎಂದರು, ಕೆಲವರು ಆನೆ ಎಂದರು, ಒಬ್ಬಾತ ಬಹಳ ಧೈರ್ಯದಿಂದ ವಿಧಾನಸೌಧ ಎಂದ. ಕೊನೆಯ ಸಾಲಿನಲ್ಲಿ ಕುಳಿತಿದ್ದ, ಚಿಂತಾಮಣಿಯ ಕಡೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಮಾತ್ರ ಮೆಲ್ಲನೆ, “ದೇವಸ್ಥಾನದ ಚಕ್ರ, ಸಾರ್” ಎಂದಳು. ಅದು ಕೋಣಾರ್ಕದ ಸೂರ್ಯದೇವಾಲಯದ ಚಕ್ರ. ನಿನಗೆ ಹೇಗೆ ತಿಳಿಯಿತೆಂದು ಕೇಳಿದರೆ, “ರಜೆ ದಿನ ಅಮ್ಮನ ಜೊತೆ ಹೂ ಮಾರ್ತೀನಿ ಸಾರ್, ಬರೋದೆಲ್ಲ ಹತ್ತರ ನೋಟೇ” ಎಂದಳು.

ಉತ್ತರ ಚಿಕ್ಕದು, ಆದರೆ ಅದು ನನ್ನ ಹವ್ಯಾಸದ ಸಾರವನ್ನೇ ಹೇಳಿತು. ನೋಟನ್ನು ನೋಡುವವರು ಇಬ್ಬರೇ. ಅದನ್ನು ಕಷ್ಟದಿಂದ ಗಳಿಸಿದವರು ಒಬ್ಬರು. ನನ್ನಂತೆ ಹುಚ್ಚು ಹಿಡಿದವರು ಇನ್ನೊಬ್ಬರು.

ಹೌದು ವಾಚಕರೇ, ಅಂಚೆಚೀಟಿಗಳನ್ನು ಕೂಡಿಡುವವರಂತೆ, ನಾಣ್ಯಗಳನ್ನು ಕೂಡಿಡುವವರಂತೆ, ನಾನು ದೇಶವಿದೇಶಗಳ ಚೆಂದದ ನೋಟುಗಳನ್ನು ಕೂಡಿಡುವವನು. ನನ್ನ ಎರಡು ಆಲ್ಬಮ್‌ಗಳಲ್ಲಿ ಸುಮಾರು ಮುನ್ನೂರು ನೋಟುಗಳಿವೆ. ಅವುಗಳಲ್ಲಿ ಬಹುಪಾಲು ಇಂದು ಯಾವ ಅಂಗಡಿಯಲ್ಲಿಯೂ ಸಲ್ಲುವುದಿಲ್ಲ. “ಕಾಲೇಜು ಮೇಷ್ಟ್ರು ಸಂಬಳದ ನೋಟು ಕೊಟ್ಟು ಸಲ್ಲದ ನೋಟು ಕೊಳ್ಳುತ್ತಾರೆ” ಎಂದು ನನ್ನ ಬೀದಿಯವರು ಆಡಿಕೊಳ್ಳುವುದುಂಟು. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಎರಡು ರೂಪಾಯಿಯ ಉಪಗ್ರಹ

ಈ ಹುಚ್ಚು ಹತ್ತಿದ್ದು ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ನಾನು ಮೂರನೆಯ ತರಗತಿಯಲ್ಲಿದ್ದಾಗ. ಅಂದು ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಒಂದು ವಿಚಿತ್ರ ಆಕೃತಿಯಿರುತ್ತಿತ್ತು. ಅನೇಕ ಮುಖಗಳಿಂದ ಕೂಡಿದ, ಪೆಟ್ಟಿಗೆಯೂ ಅಲ್ಲದ, ಚೆಂಡೂ ಅಲ್ಲದ ವಸ್ತು. ನಮ್ಮ ಉಪಾಧ್ಯಾಯರು ಅದು ‘ಆರ್ಯಭಟ’, 1975ರ ಏಪ್ರಿಲ್ 19ರಂದು ಆಕಾಶಕ್ಕೆ ಏರಿದ ಭಾರತದ ಮೊದಲ ಉಪಗ್ರಹ, ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಎಂದು ವಿವರಿಸಿದರು. ಆ ಸಂಜೆ ಅಮ್ಮ ಅಂಗಡಿಗೆಂದು ಕೊಟ್ಟ ಎರಡು ರೂಪಾಯಿಯ ನೋಟನ್ನು ನಾನು ಖರ್ಚು ಮಾಡಲಿಲ್ಲ. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಬರಿಗೈಯಲ್ಲಿ ಬಂದೆ. ಸಿಕ್ಕಿಬಿದ್ದಾಗ ಅಮ್ಮ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನೋಟು ಇರೋದು ನೋಡೋಕಲ್ಲ ಕಣೋ, ಕೊಡೋಕೆ.” ಆ ರಾತ್ರಿ ಸಾರಿಗೆ ಒಗ್ಗರಣೆ ಬೀಳಲಿಲ್ಲ, ಆದರೆ ನೋಟನ್ನು ಅವಳು ಹಿಂದಕ್ಕೆ ಕೇಳಲೂ ಇಲ್ಲ. ಅದೇ ನನ್ನ ಸಂಗ್ರಹದ ಮೊದಲ ನೋಟು.

ಎರಡು ರೂಪಾಯಿ ಎಂದರೆ ಆಗ ನಮ್ಮ ಮನೆಯಲ್ಲಿ ಸಣ್ಣ ಮೊತ್ತವಾಗಿರಲಿಲ್ಲ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳು ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ, ಚಂದ್ರಿಕೆಗೆ ಏರಿ ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳ ಕಾಲ ಮನೆಮಂದಿಗೆ ನಿದ್ರೆಯೆಂಬುದಿಲ್ಲ. ಬಳಿಕ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು, ಹರಾಜಿನಲ್ಲಿ ಕೂಗಿಸಿ, ಕೈಗೆ ಬಂದ ನೋಟುಗಳನ್ನು ಅಪ್ಪ ಮೂರು ಸಲ ಎಣಿಸಿ ಪಂಚೆಯ ಗಂಟಿಗೆ ಕಟ್ಟಿಕೊಳ್ಳುತ್ತಿದ್ದರು. ಎಣಿಸುವಾಗ ಅವರೆಂದೂ ಚಿತ್ರವನ್ನು ನೋಡಿದ್ದಿಲ್ಲ. ಅಂಕಿಯನ್ನು ಮಾತ್ರ ನೋಡುತ್ತಿದ್ದರು.

ಹಿಪ್ಪುನೇರಳೆಯ ತೊಗಟೆ

ನೋಟಿನ ಚರಿತ್ರೆಯನ್ನು ಓದತೊಡಗಿದ ಮೇಲೆ ನನಗೊಂದು ಸೋಜಿಗ ಕಾದಿತ್ತು. ಕಾಗದದ ಹಣದ ತವರೂರು ಚೀನ. ಸುಮಾರು ಸಾವಿರ ವರ್ಷಗಳ ಹಿಂದೆ, ಸೋಂಗ್ ಅರಸರ ಕಾಲದಲ್ಲಿ, ಸಿಚುವಾನ್ ಪ್ರಾಂತದಲ್ಲಿ ವರ್ತಕರು ಭಾರವಾದ ಕಬ್ಬಿಣದ ನಾಣ್ಯಗಳನ್ನು ಹೊರಲಾರದೆ ಚೀಟಿಗಳನ್ನು ಚಲಾವಣೆಗೆ ತಂದರು. 1024ರಲ್ಲಿ ಸರ್ಕಾರವೇ ಅಂಥ ಚೀಟಿಗಳನ್ನು ಹೊರಡಿಸಿತು. ಮುಂದೆ ಹದಿಮೂರನೆಯ ಶತಮಾನದಲ್ಲಿ ಕುಬ್ಲಾಯಿ ಖಾನನ ಆಸ್ಥಾನವನ್ನು ಕಂಡ ವೆನಿಸ್ಸಿನ ಮಾರ್ಕೊ ಪೋಲೊ, ಖಾನನ ಹಣವು ಯಾವುದರಿಂದ ಆಗುತ್ತದೆಂಬುದನ್ನು ಬೆರಗಿನಿಂದ ಬರೆದಿಟ್ಟ. ರೇಷ್ಮೆಹುಳುಗಳು ತಿನ್ನುವ ಸೊಪ್ಪಿನ ಮರವೇ ಅದಕ್ಕೆ ಮೂಲ. ಆ ಮರದ ಒಳತೊಗಟೆಯನ್ನು ಕುಟ್ಟಿ, ಹಾಳೆ ಮಾಡಿ, ಕತ್ತರಿಸಿ, ಮುದ್ರೆಯೊತ್ತಿ ಹಣವಾಗಿಸುತ್ತಾರೆ ಎಂದು ಆತ ಹೇಳುತ್ತಾನೆ. ಅಂದರೆ ನಮ್ಮ ಹಿಪ್ಪುನೇರಳೆ!

1375ರಲ್ಲಿ ಮಿಂಗ್ ದೊರೆಗಳು ಹೊರಡಿಸಿದ ನೋಟೂ ಇದೇ ತೊಗಟೆಯ ಕಾಗದದ್ದು. ಉದ್ದ ಸುಮಾರು 34 ಸೆಂಟಿಮೀಟರು, ಅಗಲ ಸುಮಾರು 22. ಇಂದಿನ ಶಾಲೆಯ ಹಾಳೆಗಿಂತ ದೊಡ್ಡದು; ಜೇಬಿಗಲ್ಲ, ಗೋಡೆಗೆ ತಕ್ಕುದು. ಅದರ ಮೇಲೆ ಸಾಲುಗಟ್ಟಿದ ನಾಣ್ಯಗಳ ಚಿತ್ರವಿದೆ, ಅಕ್ಷರ ಬಾರದವನೂ ಮೌಲ್ಯವನ್ನು ತಿಳಿಯಲೆಂದು. ಕೆಳಗೆ ಎಚ್ಚರಿಕೆ: ಖೋಟಾ ಮಾಡಿದವನಿಗೆ ಶಿರಚ್ಛೇದ, ಹಿಡಿದುಕೊಟ್ಟವನಿಗೆ ಬೆಳ್ಳಿಯ ಬಹುಮಾನ.

ಈ ಸಂಗತಿಯನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಅಂಗಳದಾಚೆಯ ತೋಟದತ್ತ ನೋಡಿ, “ಹಾಗಾದ್ರೆ ನಾವು ಸೊಪ್ಪು ಹುಳಕ್ಕೆ ಹಾಕಿ ಕಡ್ಡೀನ ಒಲೆಗೆ ಹಾಕ್ತಾ ಕೂತಿದ್ದೀವಿ ಅನ್ನು” ಎಂದು ನಕ್ಕರು.

ರೇಷ್ಮೆಯ ಮೇಲೆ ಅಚ್ಚಾದ ಹಣ

ತೊಗಟೆಯ ಕಥೆ ಹೀಗಾದರೆ, ರೇಷ್ಮೆಯ ಮೇಲೆಯೇ ಹಣವನ್ನು ಅಚ್ಚೊತ್ತಿದವರೂ ಇದ್ದಾರೆ. ಮಧ್ಯ ಏಷ್ಯದ ಖೀವಾ ಎಂಬ ಪುಟ್ಟ ರಾಜ್ಯದಲ್ಲಿ 1918ರಿಂದ ಮೂರು ನಾಲ್ಕು ವರ್ಷಗಳ ಕಾಲ ಕಾಗದದ ಅಭಾವವಿತ್ತು, ರೇಷ್ಮೆ ಯಥೇಚ್ಛವಾಗಿತ್ತು. ಅಲ್ಲಿನವರು ಮರದ ಅಚ್ಚುಗಳಿಂದ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ರೇಷ್ಮೆಯ ತುಂಡುಗಳ ಮೇಲೆ ನೋಟು ಮುದ್ರಿಸಿದರು. ಕೊಳೆಯಾದರೆ ಒಗೆಯಬಹುದು! ಚಲಾವಣೆ ನಿಂತ ಮೇಲೆ ಅಲ್ಲಿನ ಹೆಂಗಸರು ಅವುಗಳನ್ನು ಕೂಡಿಸಿ ಹೊಲಿದು ಕೌದಿ ಮಾಡಿಕೊಂಡರಂತೆ. ಸತ್ತ ಹಣದಿಂದ ಮೈ ಬೆಚ್ಚಗಾದ ಉದಾಹರಣೆ ಲೋಕದಲ್ಲಿ ಬಹುಶಃ ಇದೊಂದೇ.

ಜರ್ಮನಿಯ ಬೀಲೆಫೆಲ್ಡ್ ನಗರದ ಕಥೆ ಇನ್ನೂ ಸ್ವಾರಸ್ಯವಾದುದು. ಮೊದಲ ಮಹಾಯುದ್ಧದ ಕಾಲದಿಂದಲೂ ಆ ದೇಶದಲ್ಲಿ ಚಿಲ್ಲರೆಗೆ ತೀವ್ರ ಅಭಾವ. ಊರೂರಿನ ಪುರಸಭೆಗಳು ತಮ್ಮ ತಮ್ಮ ‘ಆಪತ್ತಿನ ಹಣ’ವನ್ನು ಅಚ್ಚುಹಾಕಿಕೊಂಡವು. ಬೀಲೆಫೆಲ್ಡ್ ಲಿನನ್ ಬಟ್ಟೆಗೆ ಹೆಸರಾದ ಊರು. ಅಲ್ಲಿನ ಉಳಿತಾಯ ಬ್ಯಾಂಕಿನ ನಿರ್ದೇಶಕ ಪೌಲ್ ಹಾಂಕೆ ಎಂಬಾತ, ನಮ್ಮ ಊರಿನ ಹಣ ನಮ್ಮ ಊರಿನ ಬಟ್ಟೆಯ ಮೇಲೆಯೇ ಇರಲಿ ಎಂದು 1921ರಿಂದ 1923ರವರೆಗೆ ರೇಷ್ಮೆ, ಲಿನನ್, ಮಖಮಲ್ಲುಗಳ ಮೇಲೆ ನೋಟು ಮುದ್ರಿಸಿದ. ಅಂಚಿಗೆ ಕಸೂತಿ, ಮೈತುಂಬ ಚಿತ್ರ, ಹಾಸ್ಯದ ಬರಹ. ಸಂಗ್ರಾಹಕರು ಮುಗಿಬಿದ್ದು ಕೊಂಡರು, ಊರಿಗೆ ವರಮಾನವಾಯಿತು. ಇತ್ತ ದೇಶದ ಹಣ ಮಾತ್ರ ಪಾತಾಳಕ್ಕಿಳಿಯುತ್ತಿತ್ತು. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕ್!

ಬೀಲೆಫೆಲ್ಡಿನ ರೇಷ್ಮೆಯ ನೋಟೊಂದನ್ನು ನಾನು ಎರಡು ವರ್ಷ ಕೂಡಿಟ್ಟ ಹಣದಿಂದ ಕೊಂಡೆ. ಕೊಂಡವನಿಗೆ ಒಂದು ಸಂಶಯ: ಇದು ನಿಜವಾಗಿಯೂ ರೇಷ್ಮೆಯೇ? ಸಂಶಯವನ್ನು ಬಗೆಹರಿಸಲು ಶಿಡ್ಲಘಟ್ಟಕ್ಕಿಂತ ಒಳ್ಳೆಯ ಊರು ಯಾವುದಿದೆ? ನೂಲು ಬಿಚ್ಚುವ ಕಸುಬಿನಲ್ಲಿ ನಲವತ್ತು ವರ್ಷ ಸವೆಸಿದ ಹಿರಿಯರೊಬ್ಬರ ಬಳಿಗೆ ಒಯ್ದೆ. ಬಿಸಿನೀರಿನಲ್ಲಿ ಗೂಡು ಮುಳುಗಿಸಿ ಎಳೆ ತೆಗೆದು ತೆಗೆದು ಅವರ ಬೆರಳುಗಳ ತುದಿ ಬಿಳುಪೇರಿ ಮರಗಟ್ಟಿದ್ದವು. ಕೈಯನ್ನು ಚೆನ್ನಾಗಿ ಒರೆಸಿಕೊಂಡು, ನೋಟನ್ನು ಎರಡು ಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ಸವರಿದರು. “ಹುಳದ್ದೇ ಮೇಷ್ಟ್ರೇ, ಅನುಮಾನ ಬೇಡ” ಎಂದರು. ಬಳಿಕ ತಿರುಗಿಸಿ ನೋಡಿ, “ಇದಕ್ಕೆ ಆಗ ಏನು ಬರ್ತಿತ್ತು?” ಎಂದು ಕೇಳಿದರು. ಮೊದಲು ಒಂದು ಊಟ, ವರ್ಷ ಕಳೆಯುವುದರೊಳಗೆ ಒಂದು ಬೆಂಕಿಕಡ್ಡಿಯೂ ಇಲ್ಲ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, “ನೂಲು ಬಿಚ್ಚಿದೋನಿಗೆ ಕೂಲಿ ಯಾವುದರಲ್ಲಿ ಕೊಟ್ರೋ ಪಾಪ” ಎಂದರು. ಎಷ್ಟೋ ಪುಸ್ತಕಗಳನ್ನು ಓದಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ನಮ್ಮ ದೇಶದ ನೋಟುಗಳು

ಭಾರತದ ನೋಟುಗಳ ಚರಿತ್ರೆಯೂ ಕಡಿಮೆ ಕುತೂಹಲಕರವಲ್ಲ. 1861ರ ಕಾಗದದ ಹಣದ ಕಾಯಿದೆಯಿಂದ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕೈಗೆ ಬಂತು. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಅಂದಿನ ನೋಟುಗಳಿಗೆ ಮುದ್ರಣ ಒಂದೇ ಮಗ್ಗುಲು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹುಟ್ಟಿತು. 25 ನೋಟುಗಳ ಪುಟ್ಟ ಪುಸ್ತಕದಂತೆ ಹೊಲಿದು ಕೊಡುತ್ತಿದ್ದರು, ಬೇಕಾದಾಗ ಹರಿದುಕೊಳ್ಳಬೇಕು. ಮರುವರ್ಷವೇ ಎರಡೂವರೆ ರೂಪಾಯಿಯ ನೋಟು ಬಂತು. ಅದರ ಮೇಲೆ ‘2 ರೂಪಾಯಿ 8 ಆಣೆ’ ಎಂದಿತ್ತು. ಅದು ಇಂದು ಸಂಗ್ರಾಹಕರ ಕನಸು. ನನ್ನಂಥವರಿಗೆ ಕನಸಾಗಿಯೇ ಉಳಿಯತಕ್ಕದ್ದು.

1935ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿತವಾಗಿ, 1938ರ ಜನವರಿಯಲ್ಲಿ ತನ್ನ ಮೊದಲ ನೋಟನ್ನು ಹೊರಡಿಸಿತು. ಐದು ರೂಪಾಯಿಯದು, ಅದರ ಮೇಲೆ ಆರನೆಯ ಜಾರ್ಜ್ ದೊರೆಯ ಚಿತ್ರ. ಈ ನೋಟೊಂದನ್ನು ನಾನು ಮೊದಲು ಕಂಡದ್ದು ಗೌರಿಬಿದನೂರಿನಲ್ಲಿ, ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ. ಅವರು ಅದನ್ನು ಚೌಕಟ್ಟಿನಲ್ಲಿಟ್ಟು, ಪಕ್ಕದಲ್ಲಿಯೇ ವಿದುರಾಶ್ವತ್ಥದ ಸ್ಮಾರಕದ ಚಿತ್ರವನ್ನು ತೂಗುಹಾಕಿದ್ದರು. ಎರಡಕ್ಕೂ ಏನು ಸಂಬಂಧವೆಂದು ಕೇಳಿದೆ. “ವರ್ಷ ನೋಡಿ” ಎಂದರು. ದೊರೆಯ ಮುಖದ ಆ ನೋಟು ಹೊರಟ ಮೂರೇ ತಿಂಗಳಿಗೆ, 1938ರ ಏಪ್ರಿಲ್ 25ರಂದು, ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲು ನೆರೆದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಮಂದಿಯೆಂದು ಸರ್ಕಾರದ ಲೆಕ್ಕ. ಮೂವತ್ತೆರಡೆಂದು ಜನರ ಲೆಕ್ಕ. “ಅಂದು ಸತ್ತವರ ಜೇಬಿನಲ್ಲಿ ಹಣವಿದ್ದಿದ್ದರೆ, ಅದರ ಮೇಲೂ ಈ ಮುಖವೇ ಇರುತ್ತಿತ್ತು” ಎಂದು ಆ ಹಿರಿಯರು ನೋಟನ್ನು ತೋರಿಸಿದರು. ಅಂದವಾದ ಕೆತ್ತನೆಯ ಆ ನೋಟನ್ನು ಬಳಿಕ ನಾನು ಬರಿಯ ಅಂದಕ್ಕಾಗಿ ನೋಡಲಾರದೆ ಹೋದೆ.

ಸ್ವಾತಂತ್ರ್ಯ ಬಂದಾಗ ದೊರೆಯ ಜಾಗದಲ್ಲಿ ಯಾರ ಚಿತ್ರ ಎಂಬ ಪ್ರಶ್ನೆ ಎದ್ದಿತು. ಗಾಂಧೀಜಿಯ ಚಿತ್ರದ ಮಾದರಿಗಳು ಸಿದ್ಧವಾದುವಾದರೂ, ಕೊನೆಗೆ ಸಾರನಾಥದ ಸಿಂಹಸ್ತಂಭವೇ ನಿಶ್ಚಯವಾಗಿ, 1949ರಲ್ಲಿ ಒಂದು ರೂಪಾಯಿಯ ನೋಟಿನ ಮೇಲೆ ಬಂತು. ಗಾಂಧೀಜಿ ನೋಟಿಗೆ ಬಂದದ್ದು 1969ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ. ಸೇವಾಗ್ರಾಮದ ಕುಟೀರದ ಮುಂದೆ ಕುಳಿತ ಭಂಗಿಯಲ್ಲಿ. ಅವರು ಎಲ್ಲ ನೋಟುಗಳಿಗೂ ಹಬ್ಬಿದ್ದು 1996ರಿಂದೀಚೆಗೆ. ಭಾಷೆಯ ಮೇಷ್ಟ್ರಾದ ನನಗೆ ಇನ್ನೊಂದು ಸಂಗತಿ ಬಹಳ ಪ್ರಿಯ: ಹಿಂದಿಯಲ್ಲಿ ರೂಪಾಯಿಯ ಬಹುವಚನ ಯಾವುದೆಂಬ ಚರ್ಚೆಯೇ ನಡೆದು, 1953ರಲ್ಲಿ ‘ರುಪಯೆ’ ಎಂದು ತೀರ್ಮಾನವಾಯಿತು. ವ್ಯಾಕರಣಕ್ಕೆ ರಿಸರ್ವ್ ಬ್ಯಾಂಕು ಇಷ್ಟು ಮನ್ನಣೆ ಕೊಟ್ಟಿದೆಯೆಂದು ನನ್ನ ವಿದ್ಯಾರ್ಥಿಗಳಿಗೆ ಆಗಾಗ್ಗೆ ನೆನಪಿಸುತ್ತೇನೆ.

ನಮ್ಮ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಹದಿನಾಲ್ಕನೆಯದು ತೆಲುಗು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಎಂದು ಎರಡನ್ನೂ ಆಡುವ ನಮ್ಮ ಗೌರಿಬಿದನೂರು, ಚಿಂತಾಮಣಿಯ ಕಡೆಯ ಮಕ್ಕಳಿಗೆ ಇದನ್ನು ತೋರಿಸಿದರೆ, ಅಕ್ಕತಂಗಿಯರನ್ನು ಒಂದೇ ಪಟದಲ್ಲಿ ಕಂಡಂತೆ ಹಿಗ್ಗುತ್ತಾರೆ. ಇನ್ನು 2017ರಲ್ಲಿ ಹೊರಟ ನೀಲಿ ಬಣ್ಣದ ಐವತ್ತು ರೂಪಾಯಿಯ ನೋಟಿನಲ್ಲಿ ಹಂಪೆಯ ಕಲ್ಲಿನ ರಥವಿದೆ. ಮೈಸೂರಿನಲ್ಲಿ 1996ರಿಂದ ನೋಟಿನ ಮುದ್ರಣಾಲಯವಿದೆ. ಬಳಿಕ ನೋಟಿನ ಕಾಗದದ ಕಾರ್ಖಾನೆಯೂ, ಶಾಯಿಯ ಕಾರ್ಖಾನೆಯೂ ಅಲ್ಲಿಯೇ ತಲೆಯೆತ್ತಿವೆ. ಹಣದ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದುದಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತಷ್ಟೆ. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದ ದಿನ ನಮ್ಮೂರಿನ ಹಿರಿಯರು ಹೆಣ್ಣು ಕೊಟ್ಟ ಮನೆಯವರಂತೆ ಸಪ್ಪಗಿದ್ದರು.

ವಿಚಿತ್ರಗಳ ಮೆರವಣಿಗೆ

ಆಲ್ಬಮ್ಮಿನ ಹಾಳೆಗಳನ್ನು ಇನ್ನಷ್ಟು ತಿರುವೋಣ. ಬರ್ಮಾ ದೇಶದ 45 ಮತ್ತು 90 ಕ್ಯಾಟ್‌ಗಳ ನೋಟುಗಳು ಇಲ್ಲಿವೆ. ಆಳುವವನಿಗೆ ಒಂಬತ್ತು ಶುಭಸಂಖ್ಯೆಯಾಗಿದ್ದುದರಿಂದ 1987ರಲ್ಲಿ ಒಂಬತ್ತರಿಂದ ಭಾಗವಾಗುವ ಈ ನೋಟುಗಳು ಬಂದವು. 25, 35, 75ರ ನೋಟುಗಳು ಹಠಾತ್ತಾಗಿ ರದ್ದಾದವು. ಜನರ ಉಳಿತಾಯ ಒಂದು ದಿನದಲ್ಲಿ ಬೂದಿಯಾಯಿತು. ಅದೇ ವರ್ಷ ಥಾಯ್ಲೆಂಡಿನ ದೊರೆಗೆ ಅರವತ್ತು ತುಂಬಿದಾಗ ಅಲ್ಲಿ ಚಚ್ಚೌಕವಾದ 60 ಬಾತ್‌ನ ನೋಟು ಹೊರಟಿತು. ಫಿಜಿ ದ್ವೀಪದವರು ಏಳು ಆಟಗಾರರ ರಗ್ಬಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಸಂತೋಷಕ್ಕೆ 2017ರಲ್ಲಿ ಏಳು ಡಾಲರಿನ ನೋಟನ್ನೇ ಹೊರಡಿಸಿದರು. ಆಸ್ಟ್ರೇಲಿಯ 1988ರಲ್ಲಿ ಪ್ಲಾಸ್ಟಿಕ್ಕಿನ ನೋಟು ತಂದಿತು. 2018ರ ಕೆನಡದ ಹತ್ತು ಡಾಲರಿನ ನೋಟು ನಿಂತ ಭಂಗಿಯದು. ಅದರಲ್ಲಿರುವ ವಯೋಲಾ ಡೆಸ್ಮಂಡ್, ಚಿತ್ರಮಂದಿರದಲ್ಲಿ ಬಿಳಿಯರಿಗೆ ಮೀಸಲಾದ ಆಸನದಿಂದ ಏಳಲು ಒಪ್ಪದಿದ್ದ ದಿಟ್ಟ ಹೆಣ್ಣುಮಗಳು.

ಅಂಕಿಗಳ ಅಬ್ಬರವನ್ನು ಕಾಣಬೇಕೆ? ಜಿಂಬಾಬ್ವೆಯ ನೋಟೊಂದರಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳು: ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ! 1946ರ ಹಂಗೆರಿಯ ನೋಟಿನ ಬೆಲೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಇಷ್ಟು ಸೊನ್ನೆಗಳಿದ್ದರೂ ಅವು ಒಂದು ಹೊತ್ತಿನ ರೊಟ್ಟಿಗೆ ಸಾಲುತ್ತಿರಲಿಲ್ಲ. ಜಾಯಿರ್ ದೇಶದಲ್ಲಿ 1997ರಲ್ಲಿ ಸರ್ವಾಧಿಕಾರಿ ಮೊಬುಟು ಓಡಿಹೋದ ಮೇಲೆ, ಹೊಸ ನೋಟಿಗೆ ಪುರಸೊತ್ತಿಲ್ಲದೆ, ಹಳೆಯ ನೋಟಿನಲ್ಲಿ ಅವನ ಮುಖವಿದ್ದ ಭಾಗವನ್ನು ದುಂಡಗೆ ಕತ್ತರಿಸಿ ತೆಗೆದು ಚಲಾವಣೆಗೆ ಬಿಟ್ಟರು. ನೋಟಿನ ನಡುವಿನ ಆ ತೂತು ನೂರು ಪುಟದ ಚರಿತ್ರೆಯನ್ನು ಹೇಳುತ್ತದೆ.

ಹೊಸಬರಿಗೆ ನಾಲ್ಕು ಮಾತು

ಈ ಹವ್ಯಾಸಕ್ಕೆ ಇಳಿಯುವ ಕಿರಿಯರಿಗೆ ಅನುಭವದ ನಾಲ್ಕು ಮಾತು ಹೇಳಬೇಕು. ನೋಟನ್ನು ಎಂದೂ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಗುಂಡುಪಿನ್ನು ಚುಚ್ಚಬೇಡಿ, ಅಂಟು ಹಚ್ಚಬೇಡಿ. ನಾನು ವಿದ್ಯಾರ್ಥಿಯಾಗಿದ್ದಾಗ ಭೂತಾನದ ಅಂದವಾದ ನೋಟೊಂದನ್ನು ಶಾಶ್ವತವಾಗಿ ಕಾಪಾಡುವ ಉತ್ಸಾಹದಲ್ಲಿ ಲ್ಯಾಮಿನೇಷನ್ ಮಾಡಿಸಿ ಶಾಶ್ವತವಾಗಿ ಕೆಡಿಸಿದೆ. ಅಗ್ಗದ ಪ್ಲಾಸ್ಟಿಕ್ ಚೀಲಗಳೂ ಕಾಲಕ್ರಮದಲ್ಲಿ ಬಣ್ಣವನ್ನು ತಿನ್ನುತ್ತವೆ. ಪಾಲಿಯೆಸ್ಟರಿನ ತೆಳುಚೀಲಗಳೇ ಲೇಸು. ನಮ್ಮ ನೋಟಿನ ಕಾಗದ ಹತ್ತಿಯದು; ತೇವ, ಬಿಸಿಲು, ಬೆಳ್ಳಿಮೀನೆಂಬ ಹುಳು ಮೂರೂ ಅದಕ್ಕೆ ಶತ್ರುಗಳು. ಮಡಿಕೆಯಿಲ್ಲದ ನೋಟಿಗೆ ಬೆಲೆ ಹೆಚ್ಚು. ಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು, ಮುದ್ರಣದಲ್ಲಿ ಕೆಟ್ಟ ನೋಟಿಗೆ ಬದಲಾಗಿ ಬಂದದ್ದು. 2006ರಿಂದ ಸಣ್ಣ ನೋಟುಗಳಲ್ಲಿ ಇದು ಕಾಣತೊಡಗಿತು. ಬೆಂಗಳೂರಿಗೆ ಹೋದವರು, ರಿಜ್ವಾನ್ ರಜಾಕ್ ಅವರು 2020ರಲ್ಲಿ ತೆರೆದ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯವನ್ನು ನೋಡಿದರೆ, ನೂರು ಪುಸ್ತಕ ಓದಿದ ಫಲ.

ಇನ್ನೊಂದು ಎಚ್ಚರಿಕೆ, ಅತಿ ಮುಖ್ಯವಾದದ್ದು. ಚಿಂತಾಮಣಿ ಎಂದರೆ ಬೇಡಿದ್ದನ್ನು ಕೊಡುವ ರತ್ನ. ಆ ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿಯ ನೋಟೇ ಚಿಂತಾಮಣಿಯೆಂದು ನಂಬಿದ. 786 ಸಂಖ್ಯೆಯ ಆ ನೋಟಿಗೆ ಮೂರು ಲಕ್ಷ ಕೊಡುತ್ತೇವೆಂದು ಮೊಬೈಲಿನಲ್ಲಿ ಯಾರೋ ಆಸೆ ತೋರಿಸಿದರು. ಮೊದಲು ನೋಂದಣಿಯ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ವಿಮೆ ಎಂದು ಕಂತುಕಂತಾಗಿ ಆರು ಸಾವಿರದ ಐನೂರು ರೂಪಾಯಿ ಸುಲಿದು ಮಾಯವಾದರು. ಅದು ಅವನ ತಂದೆ ಟೊಮೇಟೊ ಮಾರಿ ತಂದ ಹಣ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಇಂಥ ಮೋಸದ ಬಗ್ಗೆ ಜನರನ್ನು ಎಚ್ಚರಿಸಿತು. ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದಿತು. ಮಾರುವವನೇ ಮೊದಲು ಹಣ ಕಟ್ಟಬೇಕಾದ ವ್ಯಾಪಾರ ಲೋಕದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ನೆನಪಿಡಿ. ಈ ಹವ್ಯಾಸದಿಂದ ಜ್ಞಾನ ಬರುತ್ತದೆ, ಸಂತೋಷ ಬರುತ್ತದೆ, ಐಶ್ವರ್ಯ ಬರುವುದಿಲ್ಲ.

ಎಂಟು ನೋಟುಗಳು

ಕೊನೆಯದಾಗಿ, ನನ್ನ ಆಲ್ಬಮ್ಮಿನ ಹೊರಗಿರುವ ಎಂಟು ನೋಟುಗಳ ವಿಷಯ.

2016ರ ನವೆಂಬರ್ 8ರ ರಾತ್ರಿ ಐನೂರರ ಮತ್ತು ಸಾವಿರದ ನೋಟುಗಳು ರದ್ದಾದುದನ್ನು ಯಾರೂ ಮರೆತಿಲ್ಲ. ಮಾರನೆಯ ದಿನ ಅಪ್ಪ ಮನೆಯವರನ್ನೆಲ್ಲ ಕರೆದು, “ಯಾರ ಹತ್ರ ಏನಿದೆಯೋ ತನ್ನಿ, ಬ್ಯಾಂಕಿಗೆ ಕಟ್ಟಿಬರ್ತೀನಿ” ಎಂದರು. ಗೂಡಿನ ಹಣ ಬಂತು, ನನ್ನ ಸಂಬಳದ ಉಳಿಕೆ ಬಂತು. ಅಮ್ಮ, “ನನ್ನತ್ರ ಏನಿದೆ?” ಎಂದಳು. ಅಪ್ಪ ಎರಡು ದಿನ ಸಾಲಿನಲ್ಲಿ ನಿಂತು ಎಲ್ಲವನ್ನೂ ಕಟ್ಟಿ ಬಂದರು.

ಎರಡು ವರ್ಷಗಳಾದ ಮೇಲೆ, ತಂಗಿಯ ಮದುವೆಗೆಂದು ಅಮ್ಮ ತನ್ನ ಧಾರೆಯ ರೇಷ್ಮೆಸೀರೆಯನ್ನು ಪೆಟ್ಟಿಗೆಯ ತಳದಿಂದ ತೆಗೆದಳು. ಮಡಿಕೆ ಬಿಚ್ಚುವಾಗ ಎಂಟು ನೋಟುಗಳು ನೆಲಕ್ಕೆ ಬಿದ್ದವು. ಹಳೆಯ ಐನೂರರವು, ನಾಲ್ಕು ಸಾವಿರ ರೂಪಾಯಿ. ಒಂದೊಂದೂ ಗರಿಗರಿಯಾಗಿತ್ತು, ಸಂಗ್ರಾಹಕರು ಬಯಸುವ ಹಾಗೆ. ಹಿಂಬದಿಯಲ್ಲಿ ದಂಡಿಯಾತ್ರೆಯ ಚಿತ್ರ. ನಾನು ಗಾಬರಿಯಿಂದ ಕೇಳಿದೆ: “ಇದೇನಮ್ಮ?”

“ನಿನ್ನ ಎಂ.ಎ. ಪರೀಕ್ಷೆಗೆ ಬೇಕಾದೀತು ಅಂತ ಇಟ್ಟಿದ್ದೆ. ಸ್ಕಾಲರ್‌ಶಿಪ್ ಬಂತಲ್ಲ, ಹಂಗೇ ಉಳೀತು.”

“ಅಪ್ಪ ಕೇಳಿದಾಗ ಯಾಕೆ ಕೊಡಲಿಲ್ಲ?”

“ಮರೆತಿದ್ದೆ ಕಣಪ್ಪ” ಎಂದಳು.

ಮರೆತಿರಲಿಲ್ಲವೆಂದು ತಂಗಿ ಬಳಿಕ ಹೇಳಿದಳು. ಗಂಡನಿಗೆ ತಿಳಿಸದೆ ಹಣ ಕೂಡಿಟ್ಟೆನೆಂದು ಮನೆಮಂದಿಯೆಲ್ಲರ ಎದುರಿಗೆ ಒಪ್ಪಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ಡಿಸೆಂಬರ್ 30ರ ಗಡುವಿನವರೆಗೂ ದಿನಕ್ಕೊಮ್ಮೆ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚುತ್ತಿದ್ದಳಂತೆ. ಎಷ್ಟು ರಾತ್ರಿಗಳ ಸೊಪ್ಪು, ಎಷ್ಟು ಹುಳುಗಳ ಜ್ವರ ಆ ನಾಲ್ಕು ಸಾವಿರದಲ್ಲಿದ್ದವೋ ನಾನು ಲೆಕ್ಕ ಹಾಕಲಾರೆ. ನೋಟುಗಳ ಬಗ್ಗೆ ಊರಿಗೆಲ್ಲ ಉಪನ್ಯಾಸ ಕೊಡುವ ನಾನು, ನನ್ನ ಮನೆಯಲ್ಲಿಯೇ ನನ್ನ ಹೆಸರಿನಲ್ಲಿ ಅಡಗಿದ್ದ ನೋಟುಗಳನ್ನು ಅರಿಯದೆ ಹೋದೆ.

ಕಾಯಿದೆಯ ಭಯವೂ ಅವಳಿಗಿತ್ತು. ಅದನ್ನು ಮಾತ್ರ ನಾನು ಪರಿಹರಿಸಬಲ್ಲವನಾಗಿದ್ದೆ. 2017ರ ಕಾಯಿದೆಯ ಪ್ರಕಾರ ರದ್ದಾದ ಆ ನೋಟುಗಳನ್ನು ಯಾರೇ ಆಗಲಿ ಹತ್ತರವರೆಗೆ ಇಟ್ಟುಕೊಳ್ಳಬಹುದು. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರಕ್ಕಾಗಿ ಇಪ್ಪತ್ತೈದರವರೆಗೆ. “ನಿನ್ನ ಹತ್ತಿರ ಇರುವುದು ಎಂಟೇ. ಯಾರೂ ಏನೂ ಅನ್ನುವಂತಿಲ್ಲ” ಎಂದೆ. ಅವುಗಳ ಮೌಲ್ಯದ ಹೊಸ ನೋಟುಗಳನ್ನು ಅವಳ ಕೈಯಲ್ಲಿಡಲು ಹೋದೆ; ತೆಗೆದುಕೊಳ್ಳಲಿಲ್ಲ. ಹಾಗಾದರೆ ಆಲ್ಬಮ್ಮಿನಲ್ಲಿ ಜೋಡಿಸಿಡಲೇ ಎಂದು ಕೇಳಿದೆ. ಅಮ್ಮ ಸೀರೆಯ ಮಡಿಕೆಯನ್ನು ಸರಿಮಾಡುತ್ತ, “ನಿನ್ನ ಪುಸ್ತಕದಲ್ಲಿರೋವು ಬಂದೋರಿಗೆ ತೋರಿಸೋವು. ಇವು ಇಲ್ಲೇ ಇರಲಿ” ಎಂದಳು.

ಮದುವೆ ಮುಗಿದ ಮೇಲೆ ಸೀರೆ ಮತ್ತೆ ಪೆಟ್ಟಿಗೆಗೆ ಹೋಯಿತು. ಎಂಟು ನೋಟುಗಳೂ ಅದರ ಮಡಿಕೆಗೆ ಹೋದವು. ಅವು ಸರಿಯಾಗಿ ಉಳಿಯಲೆಂದು ಪಾಲಿಯೆಸ್ಟರಿನ ಒಂದು ತೆಳುಚೀಲವನ್ನು ಮಾತ್ರ ನಾನು ಕೊಟ್ಟೆ. ಅಷ್ಟನ್ನು ಅವಳು ಬೇಡವೆನ್ನಲಿಲ್ಲ.